ಗಾಳಿಗೆ ಹೆದರದ ಪುಡಿ

ಕಳೆದ ವಾರ ಮೂಡಲಗಿ ಸಂತೆಯಲ್ಲಿ ಸಬ್ಬಸಗಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಮೂಸಿದೆ. ನಮ್ಮ ಕೆಮಿಸ್ಟ್ರಿ ಮೇಡಂ ಎದುರಿಗೇ ನಿಂತಂತಾಯಿತು... ಮೊದಲ ದಿನದ ಪಾಠಕ್ಕೆ ಅವರು ಒಂದು ಕೈಯಲ್ಲಿ ಈ ಬೀಜ, ಇನ್ನೊಂದರಲ್ಲಿ ಪುದೀನಾ ಹಿಡಿದು ಬಂದಿದ್ದರು. ಎರಡರ ವಾಸನೆಯೂ ಒಂದೇ ಅಣುವಿನದು. ಕನ್ನಡಿಯೊಳಗಿನ ಬಿಂಬದ ಹಾಗೆ ಒಂದು ಎಡಗೈ, ಇನ್ನೊಂದು ಬಲಗೈ, ಅಷ್ಟೇ ಫರಕು ಎಂದರು. ಔಷಧಿಯಲ್ಲಾದರೆ ಒಂದು ಕೈ ರೋಗ ಕಳೆಯುತ್ತದೆ, ಇನ್ನೊಂದು ಜೀವಕ್ಕೇ ಕುತ್ತು ತರಬಹುದು.

ಅಣುಗಳನ್ನು ಜೋಡಿಸುವಾಗ ಬೇಕಾದ ಕೈಯನ್ನಷ್ಟೇ ಮಾಡಿಕೊಡುವ ಸತುವಿನ ರಾಸಾಯನಿಕವೊಂದು ಅವರ ಹಟವಾಗಿತ್ತು. ಅಂಥವು ಗಾಳಿ ಸೋಕಿದರೆ ಕೆಡುತ್ತವೆ. ದೊಡ್ಡ ಲ್ಯಾಬಿನವರು ಗಾಳಿಯಾಡದ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಾರೆ. ಗೋಕಾಕದ ನಮ್ಮ ಕಾಲೇಜಿಗೆ ಆ ಪೆಟ್ಟಿಗೆ ಎಲ್ಲಿಯದು? ಒಂದು ಮಳೆಗಾಲ ಕಿಟಕಿಯಲ್ಲಿ ತೆರೆದಿಟ್ಟರೂ ಕೆಲಸ ಮಾಡುವ ಪುಡಿ ಮಾಡಿಯೇ ತೀರಬೇಕೆಂದು ಪಣ ತೊಟ್ಟಿದ್ದರು. ನಾನು ಅವರ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ.

ಒಮ್ಮೆ ಹಾಗೆ ಇಟ್ಟಿದ್ದ ಬಿಳಿ ಪುಡಿಯನ್ನು ನಮ್ಮ ಜವಾನ ಕಾಕಾ ಭಕ್ತಿಯಿಂದ ಹಣೆಗೆ ಬಳಿದುಕೊಂಡುಬಿಟ್ಟರು.

"ವಿಭೂತಿ ಅಂತ ತಿಳದ್ನಿರಿ ಮೇಡಂ."

ಮೇಡಂ ತಾವೇ ನಳದ ಕೆಳಗೆ ಅವರ ಹಣೆ ತೊಳೆದರು. "ಉರಿಯಾಕತ್ತೈತೇನ್ರಿ ಕಾಕಾ?"

"ಇಲ್ರಿ, ತಂಪ ಐತಿ."

ನನಗೆ ನಗು ತಡೆಯಲಾಗಲಿಲ್ಲ. ಮೇಡಂ ನಗಲಿಲ್ಲ. ಉಳಿದ ಪುಡಿಯನ್ನು ಪರೀಕ್ಷಿಸಿದರು. ಎಡ, ಬಲ ಎರಡೂ ಸಮಸಮ ಬಂದವು. ಪುಡಿ ಎಂದೋ ಕೆಟ್ಟಿತ್ತು. "ಖರೇನ ಬೂದಿ ಆಗೇತಿ, ಕಾಕಾರದೇನ ತಪ್ಪಿಲ್ಲ. ನಡಿ, ಮತ್ತ ಹಚ್ಚೂಣು," ಎಂದು ಫ್ಲಾಸ್ಕ್ ತೊಳೆಯತೊಡಗಿದರು.

ಹೀಗೆ ಎಷ್ಟು ಸಲವೋ... ನಿವೃತ್ತಿಯಾದ ಮೇಲೂ ಹುಕ್ಕೇರಿ ಕಡೆಯ ಘೋಡಗೇರಿಯಿಂದ ಬಸ್ಸು ಹತ್ತಿ ಬರುತ್ತಿದ್ದರು. ಸತುವನ್ನು ಸುತ್ತಿ ಹಿಡಿದ ಅಣು ಇನ್ನೂ ಸಡಿಲವಿದೆ, ಬಿಗಿ ಮಾಡು ಎಂದು ಕೊನೆಯ ಸಲ ಬಂದಾಗಲೂ ಬೈದರು. ಆಮೇಲೆ ಒಂದು ಬೆಳಗ್ಗೆ ಅವರ ಹೃದಯವೇ ನಿಂತಿತು. ಮಣ್ಣಿಗೆ ಹೋಗಿ ಬಂದ ಮರುದಿನವೇ ಹೊಸ ಫ್ಲಾಸ್ಕ್ ಇಟ್ಟೆ. ಮನೆಯಲ್ಲಿ ಕೂತರೆ ಅಳು ನಿಲ್ಲುತ್ತಿರಲಿಲ್ಲ.

ಈ ಸಲ ಮಳೆಗಾಲ ಪೂರ್ತಿ ಪುಡಿ ಕಿಟಕಿಯಲ್ಲೇ ಇತ್ತು. ನಿನ್ನೆ ಪರೀಕ್ಷಿಸಿದೆ. ಬೇಕಾದ ಕೈಯೇ ಬಂತು. ಇನ್ನೊಂದು ಹುಡುಕಿದರೂ ಸಿಗಲಿಲ್ಲ. ಕಾಲುಗಳು ತಾವಾಗಿಯೇ ಸ್ಟಾಫ್ ರೂಮಿಗೆ ಓಡಿದವು. ಮೇಡಂ ಅವರ ಕುರ್ಚಿಯಲ್ಲಿ ಹೊಸದಾಗಿ ಬಂದ ಲೆಕ್ಚರರ್ ಚಹಾ ಕುಡಿಯುತ್ತಿದ್ದರು. ಮೇಡಂ ಇಲ್ಲ ಅನ್ನುವುದು ನನಗೆ ಖರೆ ಗೊತ್ತಾದದ್ದು ಆಗ.

ಆದರೂ ಹೇಳಿದೆ, "ಪುಡಿ ತಡದೈತ್ರಿ."

"ಯಾವ ಪುಡಿರಿ?"

ಇನ್ನೊಂದು ಕುರ್ಚಿ ಎಳೆದುಕೊಂಡು ಕೂತು, ಮೊದಲಿನಿಂದ ಹೇಳತೊಡಗಿದೆ.