ಬಣ್ಣದ ಕೋಣೆಯ ವರ್ನಾ

ನಮ್ಮ ಟಾಲ್ಬರ್ಟ್ ಊರಿನಲ್ಲಿ ಯಾವ ಕಟ್ಟಡ ತೋರಿಸಿದರೂ ಅದು ಯಾವ ಯುದ್ಧದ ದುಡ್ಡಿನದು ಎಂದು ಹೇಳಬಲ್ಲೆ. ಹೈಸ್ಕೂಲು ಕೊರಿಯಾದ್ದು. ಈಜುಕೊಳ ವಿಯೆಟ್ನಾಮಿನದು. ವರ್ನಾ ಟಿಡ್ವೆಲ್‌ಳ ಮನೆ, ಅದರ ಪಕ್ಕದ ನನ್ನ ಮನೆ, ಎರಡೂ ಕುವೈತ್ ಯುದ್ಧದ ಓವರ್‌ಟೈಮಿನವು. ಅಮೆರಿಕದ ಅರ್ಕನ್ಸಾ ರಾಜ್ಯದ ಈ ಮೂಲೆಯಲ್ಲಿ ಫಿರಂಗಿ ಗುಂಡಿನ ಫ್ಯಾಕ್ಟರಿ ಬಿಟ್ಟರೆ ಇನ್ನೇನಿದೆ, ಮಣ್ಣು? ಜಗತ್ತಿನಲ್ಲಿ ಎಲ್ಲೋ ಹೊಡೆದಾಟ ಶುರುವಾದರೆ ನಮಗೆ ಮೂರು ಪಾಳಿ ಕೆಲಸ. ತಣ್ಣಗಾದರೆ ಅರ್ಧ ಊರು ಮನೆಯಲ್ಲಿ. ಭಾನುವಾರ ಚರ್ಚಿನಲ್ಲಿ ಕಣ್ಣು ಮುಚ್ಚಿ ಶಾಂತಿ ಬೇಡುತ್ತೇವೆ, ಸೋಮವಾರ ಟೀವಿ ಮುಂದೆ ಕೂತು ಯಾವ ಜಗಳ ಎಲ್ಲಿಗೆ ಬಂತೆಂದು ನೋಡುತ್ತೇವೆ. ನಾಚಿಕೆಯಾಗುವುದಿಲ್ಲವೇ ಎಂದು ಕೇಳಬೇಡಿ. ಆಗುತ್ತದೆ. ಆದರೂ ನೋಡುತ್ತೇವೆ.

ವರ್ನಾ ಮತ್ತು ನಾನು ಬಣ್ಣದ ಕೋಣೆಯಲ್ಲಿ ಅಕ್ಕಪಕ್ಕ ನಿಂತೇ ಮುದುಕಿಯರಾದವರು. ಹಸಿರು ಬಣ್ಣ ಬಳಿದ ಗುಂಡುಗಳು ಕೊಕ್ಕೆಗೆ ನೇತುಬಿದ್ದು ಬರುತ್ತವೆ. ಅವಳು ಅಚ್ಚಿಟ್ಟು ಹಳದಿ ಅಕ್ಷರ ಒತ್ತುತ್ತಿದ್ದಳು, ನಾನು ಸರಿಯಿದೆಯೇ ಎಂದು ನೋಡುತ್ತಿದ್ದೆ. ಅವಳ ಬಾಯಿಗೆ ಮೊದಲಿನಿಂದಲೂ ಬೀಗವಿಲ್ಲ.

"ಅಕ್ಷರ ಸೊಟ್ಟಗಾಯ್ತು ಕಣೇ," ಅಂದರೆ, "ಆಗ್ಲಿ ಬಿಡು ಓಪಲ್, ತಲೆ ಮೇಲೆ ಬೀಳೋವಾಗ ಯಾರು ಓದ್ತಾ ಕೂತಿರ್ತಾರೆ?" ಅನ್ನುತ್ತಿದ್ದಳು. ಕೋಣೆಯೆಲ್ಲ ನಗುತ್ತಿತ್ತು.

ಆ ತಮಾಷೆ, ಸೈನ್ಯ ಸೇರಿದ್ದ ಅವಳ ಮಗ ಡಸ್ಟಿನ್ ಇರಾಕಿನಲ್ಲಿ ಸತ್ತ ದಿನಕ್ಕೆ ಮುಗಿಯಿತು. ಅಲ್ಲಿನವರು ಹಳೆಯ ಫಿರಂಗಿ ಗುಂಡೊಂದಕ್ಕೆ ತಂತಿ ಕಟ್ಟಿ ರಸ್ತೆಯಲ್ಲಿ ಹೂತಿದ್ದರು, ಅವನ ಗಾಡಿ ಅದರ ಮೇಲೆ ಹೋಯಿತು. ಎಲ್ಲಿ ತಯಾರಾದ ಗುಂಡೋ ಯಾರಿಗೂ ಗೊತ್ತಿಲ್ಲ. "ಯಾವ ದೇಶದ್ದಾದ್ರೇನು, ಅದಕ್ಕೂ ನನ್ನಂಥೋಳೇ ಯಾರೋ ಬಣ್ಣ ಹಚ್ಚಿರ್ತಾಳೆ," ಎಂದಳು ವರ್ನಾ. ಮಣ್ಣು ಮಾಡಿ ಕೆಲಸಕ್ಕೆ ಮರಳಿದ ದಿನ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಒಂದೇ ಮಾತು ಹೇಳಿದಳು. "ಇಲ್ಲಿ ಅವನ ಹೆಸರು ಎತ್ಬೇಡಿ. ಮನೇಲಿ ಎಷ್ಟು ಬೇಕಾದ್ರೂ ಅಳ್ತೀನಿ. ಈ ಫ್ಯಾಕ್ಟರಿ ಒಳಗೆ ಮಾತ್ರ ಅವನು ಬರೋದು ಬೇಡ." ಬಾಯಿಬಡುಕರು ನಾವು, ಆದರೂ ಆ ಮಾತನ್ನು ವರ್ಷಗಟ್ಟಲೆ ನಡೆಸಿಕೊಟ್ಟೆವು.

ಅಫ್ಘಾನಿಸ್ತಾನದಿಂದ ನಮ್ಮ ಸೈನ್ಯ ವಾಪಸಾದ ವರ್ಷ ಫ್ಯಾಕ್ಟರಿ ಮುಚ್ಚುವ ಮಾತು ಬಂತು. ವಾಷಿಂಗ್ಟನ್‌ನಿಂದ ಸಮಿತಿಯವರು ಬಂದು ಹೈಸ್ಕೂಲಿನ ಆಟದ ಹಾಲಿನಲ್ಲಿ ಊರವರ ಅಹವಾಲು ಕೇಳುವುದೆಂದಾಯಿತು. ಅದಕ್ಕೆ ಮುಂಚೆ ನಮ್ಮ ಸಂಸದರ ಕಚೇರಿಯ ಪ್ರೆಸ್ಕಾಟ್ ಎಂಬವನು ವರ್ನಾಳ ಅಡುಗೆಮನೆಗೇ ಬಂದು ಕೂತ. ನಾನೂ ಅಲ್ಲೇ ಇದ್ದೆ.

"ಅಂಕಿ ಸಂಖ್ಯೆ ನಾವು ಕೊಡ್ತೀವಿ ಮೇಡಂ. ಅದನ್ನ ಕೇಳಿ ಯಾರೂ ಕಣ್ಣೀರು ಹಾಕಲ್ಲ. ನೀವು ಹುತಾತ್ಮನ ತಾಯಿ. ಮಗನ ಬಗ್ಗೆ ಎರಡು ಮಾತಾಡಿ, ಸಾಕು."

"ನನ್ನ ಮಗ ಸತ್ತಿದ್ದು ಇಂಥದೇ ಒಂದು ಗುಂಡಿಗೆ. ಅದನ್ನೂ ಹೇಳ್ಲಾ?"

ಅವನು ತಣ್ಣನೆಯ ಚಹಾದ ಲೋಟ ಕೆಳಗಿಟ್ಟ. "ಅದೊಂದು ಬಿಟ್ಬಿಡಿ ಮೇಡಂ."

ಅಯ್ಯೋ, ಅವನ ಮುಖಕ್ಕೆ ಅದೇ ಚಹಾ ಎರಚಬೇಕು ಅನ್ನಿಸಿತು ನನಗೆ. ವರ್ನಾ ಬಾಗಿಲು ತೋರಿಸಿದಳು. ಅವನು ಹೋದ ಮೇಲೆ ಒಳಗಿನಿಂದ ಮಗಳು ಟ್ಯಾಮಿ ಬಂದಳು. ಗಂಡ ಬಿಟ್ಟುಹೋದವಳು, ಅದೇ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿದ್ದಳು. ಅವಳ ಮಗಳು ಕೆಲ್ಸಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಔಷಧಿಯ ಖರ್ಚು ಕೊಡುವ ಫ್ಯಾಕ್ಟರಿಯ ವಿಮೆ ಹೋದರೆ ಇನ್ಸುಲಿನ್ನೂ ಹೋಯಿತು.

"ಮಾತಾಡಮ್ಮಾ," ಎಂದಳು ಟ್ಯಾಮಿ.

"ನಿನ್ನ ತಮ್ಮನ್ನ ಮಾರು ಅಂತೀಯಾ?"

"ಅವನು ಹೋಗಿ ಆಯ್ತಮ್ಮಾ! ನನ್ನ ಮಗಳು ಇನ್ನೂ ಇದಾಳೆ. ಇರ್ಲಿ ಅಂತ ಕೇಳ್ತಾ ಇದೀನಿ, ಅಷ್ಟೇ."

ವರ್ನಾ ಎದ್ದು ಪ್ರೆಸ್ಕಾಟ್ ಬಿಟ್ಟುಹೋದ ಲೋಟ ತೊಳೆದಳು.

ಅಹವಾಲಿನ ದಿನ ವರ್ನಾ, ಯುದ್ಧದಲ್ಲಿ ಮಗ ಸತ್ತ ತಾಯಂದಿರಿಗೆ ಸರ್ಕಾರ ಕೊಡುವ ಚಿನ್ನದ ನಕ್ಷತ್ರವನ್ನು ಎದೆಗೆ ಚುಚ್ಚಿಕೊಂಡು ಮೈಕಿನ ಮುಂದೆ ನಿಂತಳು. ತನ್ನ ಮಗ ಡಸ್ಟಿನ್ ಫೋನು ಮಾಡಿದಾಗಲೆಲ್ಲ, ಹುಡುಗರಿಗೆ ಗುಂಡು ಕಡಿಮೆಯಾಗದ ಹಾಗೆ ನೋಡಿಕೊಳ್ಳಮ್ಮಾ ಅನ್ನುತ್ತಿದ್ದ ಎಂದಳು. ಶುದ್ಧ ಸುಳ್ಳು. ಅವನು ಕೇಳುತ್ತಿದ್ದದ್ದು ತನ್ನ ಬೇಟೆನಾಯಿಯ ಸುದ್ದಿ, ಅಮ್ಮನ ಪೀಕನ್ ಬೀಜದ ಕಡುಬಿನ ಸುದ್ದಿ. ಇಡೀ ಸಭೆಯೇ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸಮಿತಿಯವನೊಬ್ಬ ಕಣ್ಣೊರೆಸಿಕೊಂಡ.

ಫ್ಯಾಕ್ಟರಿ ಉಳಿಯಿತು. ಕೆಲವೇ ತಿಂಗಳಲ್ಲಿ ಸಮುದ್ರದಾಚೆ ಇನ್ನೊಂದು ಯುದ್ಧ ಹತ್ತಿಕೊಂಡಿತು. ನಮ್ಮ ಹುಡುಗರನ್ನು ಕಳಿಸುವುದಿಲ್ಲ, ಗುಂಡು ಕಳಿಸುತ್ತೇವೆ ಎಂದಿತು ಸರ್ಕಾರ. ಹಗಲು ರಾತ್ರಿ ಕೆಲಸ, ಹೊಸ ಶೆಡ್ಡು, ಹೊಸ ಯಂತ್ರಗಳ ಸಾಲು. ಕೆಲ್ಸಿಯ ಔಷಧಿ ತಪ್ಪಲಿಲ್ಲ.

ಹೊಸ ಸಾಲನ್ನು ಶುರುಮಾಡುವ ದಿನ ವರ್ನಾಳನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಪಾದ್ರಿ ಪ್ರಾರ್ಥಿಸಿದ, ಶಾಲೆಯ ಬ್ಯಾಂಡು ಬಾರಿಸಿತು, ಯಾರೋ ಪರದೆ ಎಳೆದರು. ಗೋಡೆಯ ಮೇಲೆ ಆಳುದ್ದದ ಅಕ್ಷರಗಳಲ್ಲಿ 'ಡಸ್ಟಿನ್ ಟಿಡ್ವೆಲ್ ಲೈನ್' ಎಂದಿತ್ತು. ಸತ್ತ ಹುಡುಗರ ಹೆಸರನ್ನು ಸೇತುವೆಗೆ, ಅಂಚೆ ಕಚೇರಿಗೆ ಇಡುವುದು ನಮ್ಮವರ ರೂಢಿ. ಪ್ರೀತಿಯಿಂದಲೇ ಮಾಡಿದ್ದರು, ಅದೇ ಕಷ್ಟ. ಅವಳಿಗೆ ಖುಷಿಯಾಗಲೆಂದು ಮೊದಲೇ ಹೇಳಿರಲಿಲ್ಲ. ವರ್ನಾ ಎಲ್ಲರ ಕೈ ಕುಲುಕಿ ಥ್ಯಾಂಕ್ಸ್ ಹೇಳಿದಳು.

ಅಷ್ಟುದ್ದದ ಹೆಸರು ಕೆಲಸಗಾರರ ಬಾಯಲ್ಲಿ ನಿಲ್ಲುತ್ತದೆಯೇ? ವಾರದೊಳಗೆ ಬರೀ ಡಸ್ಟಿನ್ ಆಯಿತು. ಹೊಸದಾಗಿ ಸೇರಿದವರಿಗೆ ಅವನು ಯಾರೆಂದೇ ಗೊತ್ತಿಲ್ಲ. "ಡಸ್ಟಿನ್ ಮತ್ತೆ ಕೆಟ್ಟು ಕೂತಿದಾನೆ, ಸ್ಪಾನರ್ ತಗೊಂಬಾ!" "ಡಸ್ಟಿನ್‌ಗೆ ಒದೀರೋ, ಓಡ್ತಾನೆ!" ಎಂದು ಕೂಗುತ್ತಿದ್ದರು. ಒಂದು ದಿನ ವರ್ನಾ ಅಚ್ಚು ಕೆಳಗಿಟ್ಟು, ಕೈಯೊರೆಸಿಕೊಂಡು, ಕೆಲಸ ಬಿಟ್ಟು ಮನೆಗೆ ಹೋದಳು. ನಾನೂ ಅವಳ ಹಿಂದೆಯೇ ಬಿಟ್ಟೆ. ಟ್ಯಾಮಿ ಬಿಡುವ ಹಾಗಿರಲಿಲ್ಲ. ಅವಳನ್ನು ಅದೇ ಹೊಸ ಸಾಲಿಗೆ ಹಾಕಿದರು.

ಮೊನ್ನೆ ಶುಕ್ರವಾರ ಅವರ ಮನೆಯಲ್ಲಿ ಮೀನಿನ ಊಟ. ವರ್ನಾ ಒಲೆಯ ಮುಂದೆ ಮೀನು ಕರಿಯುತ್ತಿದ್ದಳು. ಟ್ಯಾಮಿ ಪಾಳಿ ಮುಗಿಸಿ ಬಂದು ಕುರ್ಚಿಗೆ ಕುಸಿದಳು. ಸೋದರಮಾವನ ಮುಖವನ್ನೇ ಕಾಣದ ಕೆಲ್ಸಿ ತಟ್ಟೆ ಇಡುತ್ತಾ ಕೇಳಿದಳು:

"ಇವತ್ತು ಡಸ್ಟಿನ್ ಎಷ್ಟು ಗುಂಡು ಹೊಡೆದ ಅಮ್ಮಾ?"

"ರೆಕಾರ್ಡು ಕಣೇ," ಎಂದಳು ಟ್ಯಾಮಿ ಬೂಟಿನ ಲೇಸು ಬಿಚ್ಚುತ್ತಾ. "ಇಷ್ಟು ಯಾವತ್ತೂ ಹೊಡೆದಿರ್ಲಿಲ್ಲ."

ಆಮೇಲೆ ತಲೆಯೆತ್ತಿ ತಾಯಿಯನ್ನು ನೋಡಿದಳು. ವರ್ನಾ ತಿರುಗಲಿಲ್ಲ.

"ಕೈ ತೊಳ್ಕೊಂಡ್ ಬನ್ನಿ, ಆರೋಗತ್ತೆ," ಎಂದಳು.