ತುದಿ ಕತ್ತರಿಸಿದ ಸೌತೆಕಾಯಿ

ನಾನು ಓದಿದ್ದು ನಾಲ್ಕನೆಯ ಕ್ಲಾಸಿನವರೆಗೆ. ಆಮೇಲೆ ಶಾಲೆಯ ಮೆಟ್ಟಿಲು ಹತ್ತಿದ್ದು ತಲೆಯ ಮೇಲೆ ತರಕಾರಿ ಬುಟ್ಟಿ ಹೊತ್ತುಕೊಂಡು. ಅರವತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಮನೆ ಕಾವೂರಿನ ಕೆರೆಯ ಕೆಳಗಿನ ಗದ್ದೆಗಳ ಪಕ್ಕದಲ್ಲಿ, ಶಾಲೆ ಬಿಜೈಯಲ್ಲಿ. ಬಸ್ಸಿನವರು ಬುಟ್ಟಿಗೆ ಬೇರೆ ಟಿಕೆಟ್ ಕೇಳುತ್ತಿದ್ದರು. ಹಾಗಾಗಿ ಕುಂಟಿಕಾನದ ದಾರಿಯಲ್ಲಿ ನಡೆದೇ ಹೋಗುತ್ತಿದ್ದೆ. ಮಳೆಗಾಲದಲ್ಲಿ ಒದ್ದೆ ಲಂಗ ಕಾಲಿಗೆ ಸುತ್ತಿಕೊಂಡು ಹೆಜ್ಜೆ ಎತ್ತುವುದೇ ಕಷ್ಟ. ಈಗಲೂ ಆ ರಸ್ತೆ ನೆನಪಾದರೆ ಕುತ್ತಿಗೆ ನೋಯುತ್ತದೆ.

ಆ ಶಾಲೆಯ ಅಡುಗೆಯವಳು ನನ್ನ ಅಕ್ಕ. ಭಾವ ಬೊಂಬಾಯಿಯ ಹೋಟೆಲಿಗೆಂದು ಹೋದವರು ತಿರುಗಿ ಬರಲಿಲ್ಲ. ಅಕ್ಕ ತವರಿಗೆ ಬಂದಳು. ಬಂದವಳು ಎಲ್ಲರ ಊಟ ಆದ ಮೇಲೆ ಅಡುಗೆಕೋಣೆಯ ಮೂಲೆಯಲ್ಲಿ ಕೂತು ಉಣ್ಣುವುದನ್ನು ಅಭ್ಯಾಸ ಮಾಡಿಕೊಂಡಳು. ಯಾರೂ ಹಾಗೆ ಮಾಡು ಎಂದಿರಲಿಲ್ಲ. ಹಾಗೆ ಮಾಡಬೇಡ ಎಂದೂ ಹೇಳಲಿಲ್ಲ.

ಶಾಲೆಯ ಹೆಡ್‌ಮಿಸ್ಟ್ರೆಸನ್ನು ನಾವು ದೊಡ್ಡ ಟೀಚರ್ ಎನ್ನುತ್ತಿದ್ದೆವು. ಮದುವೆಯಾಗದ ಕೊಂಕಣಿ ಹೆಂಗಸು, ಗಟ್ಟಿ ಸ್ವರ. ಬೆಳಿಗ್ಗೆ ಏನೂ ತಿನ್ನದೆ ಬಂದ ಮಕ್ಕಳು ಪ್ರಾರ್ಥನೆಯ ಸಾಲಿನಲ್ಲೇ ಕುಸಿದು ಕೂರುವುದನ್ನು ನೋಡಿ ಅವರು ಮಧ್ಯಾಹ್ನದ ಗಂಜಿ ಶುರು ಮಾಡಿದ್ದರು. ಅದಕ್ಕಾಗಿ ಒಂದು ಕೊಡೆ ಹಿಡಿದು ನಮ್ಮ ಕಡೆಯ ಮನೆಮನೆಗೆ ಬಂದರು. "ದುಡ್ಡು ಬೇಡ. ಗದ್ದೆಯಲ್ಲಿ ಬೆಳೆದದ್ದರಲ್ಲಿ ಮಕ್ಕಳಿಗೆ ಒಂದು ಪಾಲು ಕೊಡಿ," ಎಂದು ಕೇಳಿದರು. ಕೆಲವರು ಅಕ್ಕಿ ಒಪ್ಪಿಕೊಂಡರು, ಒಂದು ಮನೆಯವರು ತೆಂಗಿನಕಾಯಿ, ಇನ್ನೊಂದು ಮನೆಯವರು ಬಸಳೆ. ನಮ್ಮ ಪಾಲಿಗೆ ಬಂದದ್ದು ಸೌತೆಕಾಯಿ.

"ಕೊಡುವ ಬಾಯಮ್ಮಾ. ಆದರೆ ಬೇಯಿಸುವವರು ಯಾರು?" ಅಂತ ಅಪ್ಪ ಕೇಳಿದರು.

ದೊಡ್ಡ ಟೀಚರ್ ಬಾಗಿಲ ಹಿಂದೆ ನಿಂತಿದ್ದ ಅಕ್ಕನನ್ನು ನೋಡಿ, "ಅದೋ, ಅಲ್ಲಿ ಒಬ್ಬಳು ಸುಮ್ಮನೆ ನಿಂತಿದ್ದಾಳಲ್ಲ," ಎಂದರು.

ಸಂಬಳ ದೊಡ್ಡದೇನಲ್ಲ. ಆದರೆ ಕೆಲಸಕ್ಕೆ ಹೋಗಲು ತೊಡಗಿದ ಕೆಲವು ದಿನಗಳಲ್ಲೇ ಅಕ್ಕ ರಾತ್ರಿ ಊಟಕ್ಕೆ ನಮ್ಮ ಸಾಲಿನಲ್ಲಿ ಬಂದು ಕೂತಳು. ಅಮ್ಮ ಅವಳಿಗೊಂದು ಮಣೆ ಹಾಕಿದಳು.

ಸೌತೆಕಾಯಿ ಬೇಸಗೆಯ ಬೆಳೆ. ಮಳೆ ಶುರುವಾಗುವ ಮೊದಲೇ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಅಡುಗೆಕೋಣೆಯ ಸೂರಿನ ಮರದ ಪಕ್ಕಾಸಿಗೆ ಸಾಲಾಗಿ ನೇತುಹಾಕುತ್ತಿದ್ದೆವು. ಹೊಗೆ ತಾಗಿ ಅವು ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಮಳೆಗಾಲದಲ್ಲಿ ಬೇರೆ ತರಕಾರಿ ಇಲ್ಲದಾಗ ಶಾಲೆಯ ಗಂಜಿಯ ಜೊತೆ ನಂಚಿಕೊಳ್ಳಲು ಅದೇ ಪದಾರ್ಥ. ಅದರಲ್ಲಿ ಒಂದು ತೊಂದರೆ ಉಂಟು. ಎಲ್ಲೋ ಒಂದು ಕಾಯಿ ವಿಷದ ಹಾಗೆ ಕಹಿ ಇರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದೊಂದು ಬಿದ್ದರೆ ಇಡೀ ಹಂಡೆಯ ಪದಾರ್ಥ ಚೆಲ್ಲಬೇಕು. ಅದಕ್ಕೆ ತೊಟ್ಟಿನ ತುದಿ ಕತ್ತರಿಸಿ, ಒಂದು ಚೂರು ಬಾಯಿಗೆ ಹಾಕಿ ನೋಡದೆ ಯಾರೂ ಹೆಚ್ಚುವುದಿಲ್ಲ.

ಉಳಿದ ದಿನ ಅಕ್ಕ ಶಾಲೆಯಲ್ಲೇ ನೋಡಿಕೊಳ್ಳುತ್ತಿದ್ದಳು. ಸೋಣ ತಿಂಗಳ, ಅಂದರೆ ಶ್ರಾವಣದ ಹೊತ್ತಿನ, ಸೋಮವಾರಗಳಲ್ಲಿ ಮಾತ್ರ ಅವಳು ಉಪವಾಸ. ಭಾವ ತಿರುಗಿ ಬರಲಿ ಎಂದು ಹರಕೆ. ಸಂಜೆಯವರೆಗೆ ಒಂದು ಹನಿ ನೀರೂ ಇಲ್ಲ. ಆ ದಿನಗಳಲ್ಲಿ ತುದಿ ತಿಂದು ನೋಡುವ ಕೆಲಸ ನನ್ನದು. ಅಕ್ಕಿ ಬೇಯಲು ಹೊತ್ತು ಬೇಕೆಂದು ಅವಳು ಮೊದಲೇ ಹೊರಡುತ್ತಿದ್ದಳು. ನಾನು ಮನೆಯಲ್ಲಿ ಒಂದೊಂದರ ತುದಿ ಕತ್ತರಿಸಿ, ತಿಂದು ನೋಡಿ, ಕಹಿಯಾದದ್ದನ್ನು ಬಿಟ್ಟು ಬುಟ್ಟಿ ತುಂಬಿಸಬೇಕು. ತುದಿ ಕತ್ತರಿಸಿದ ಕಾಯಿ ಎಂದರೆ ನೋಡಿದ ಕಾಯಿ, ಅಕ್ಕನಿಗೆ ಅದೇ ಗುರುತು.

ಆ ಹೊತ್ತಿಗೆ ಶಾಲೆಮಕ್ಕಳಿಗೆಂದು ಪರದೇಶದಿಂದ ಹಡಗಿನಲ್ಲಿ ಬಂದ ಗೋಧಿ ನುಚ್ಚು, ಹಾಲಿನ ಪುಡಿಯ ಮೂಟೆಗಳು ಶಾಲೆಗೆ ಬಂದು ಬಿದ್ದಿದ್ದವು. ದೊಡ್ಡ ಟೀಚರ್ ಅವನ್ನು ಬಿಚ್ಚಿರಲಿಲ್ಲ. ಒಂದು ದಿನ ನನ್ನೆದುರೇ ಅಕ್ಕನಿಗೆ ಹೇಳಿದರು: "ಶಾಲೆಯ ಮ್ಯಾನೇಜರ್ ದಿನಾ ಕೇಳ್ತಾರೆ. ಆ ಪುಡಿ ಕಲಸ್ಲಿಕ್ಕೆ ಪ್ಯೂನ್ ಸಾಕು, ಅಡುಗೆಯವಳು ಯಾಕೆ ಅಂತ. ಒಂದು ದೂರು ಬರುವವರೆಗೆ ನಾನು ತಡೀತೇನೆ. ಬಂದ್ರೆ ನನ್ನ ಕೈಯಲ್ಲಿ ಎಂತ ಉಂಟು?"

"ದೂರು ಬರುವುದಿಲ್ಲ ಟೀಚರ್. ಬಂದರೆ ಆ ಹಂಡೆಯಲ್ಲಿ ನನ್ನನ್ನೇ ಬೇಯಿಸಿ."

"ನೀನು ಬೇಯುವಷ್ಟು ಸೌದೆ ಎಲ್ಲಿಂದ ತರುವುದು ಮಾರಾಯ್ತಿ?"

ಇಬ್ಬರೂ ನಕ್ಕರು. ಅಕ್ಕ ಹಾಗೆ ನಕ್ಕದ್ದನ್ನು ನಾನು ನೋಡಿ ಕಾಲವಾಗಿತ್ತು.

ಸೋಣದ ಆ ಒಂದು ಸೋಮವಾರದ ಹಿಂದಿನ ವಾರವೆಲ್ಲ ನಾನು ಗದ್ದೆಯಲ್ಲಿ ಕಳೆ ಕಿತ್ತಿದ್ದೆ. ಕಾಲ ಬೆರಳ ಸಂದು ಕೆಸರಿನಿಂದ ಹುಣ್ಣಾಗಿತ್ತು. ಅದರ ಹಿಂದಿನ ಸೋಮವಾರ ಒಂದು ಕಹಿ ಕಾಯಿ ಬಾಯಿಗೆ ಸಿಕ್ಕಿ, ಕುಡಿದ ಗಂಜಿಯೆಲ್ಲ ದಾರಿಯಲ್ಲಿ ವಾಂತಿಯಾಗಿತ್ತು. ಈ ಸೋಮವಾರ ಬೆಳಿಗ್ಗೆ ಎದ್ದು ಬುಟ್ಟಿಯ ಮುಂದೆ ಕೂತಾಗ ನನಗೆ ಅಕ್ಕನ ಮೇಲೆ ಸಿಟ್ಟು ಬಂತು. ಉಪವಾಸದ ಪುಣ್ಯ ಅವಳಿಗೆ, ಕಹಿ ತಿನ್ನುವುದು ನಾನು. ಒಂದೊಂದೇ ಕಾಯಿಯ ತುದಿ ಕತ್ತರಿಸಿದೆ, ಚೂರನ್ನು ದನದ ಬಾಲ್ದಿಗೆ ಹಾಕಿದೆ. ಒಂದನ್ನೂ ಬಾಯಿಗೆ ಇಡಲಿಲ್ಲ. ಬುಟ್ಟಿ ಎತ್ತಿಕೊಂಡು ನಡೆದೆ.

ಮಧ್ಯಾಹ್ನ ನಾನು ಶಾಲೆಯ ಬಾವಿಕಟ್ಟೆಯಲ್ಲಿ ಬುಟ್ಟಿ ತೊಳೆಯುತ್ತಿದ್ದೆ. ಊಟದ ಜಗಲಿಯಿಂದ ಬರುವ ಗದ್ದಲ ಒಮ್ಮೆಲೇ ಬೇರೆ ಥರ ಆಯಿತು. "ಥೂ, ಕೈಪೆ! ಕೈಪೆ!" ಎಂದು ಮಕ್ಕಳು ಕಹಿ ತಡೆಯದೆ ಉಗುಳುತ್ತಿದ್ದರು. ಸಣ್ಣ ಹುಡುಗಿಯೊಬ್ಬಳು ವಾಂತಿ ಮಾಡಿಕೊಂಡಳು. ದೊಡ್ಡ ಟೀಚರ್ ಬಂದು ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ನೆಕ್ಕಿದರು. ಅವರ ಮುಖ ನೋಡಲಾಗಲಿಲ್ಲ.

"ನೋಡದೆ ಹಾಕಿದ್ದಾ?"

"ನೋಡಿಯೇ ಹಾಕಿದ್ದು ಟೀಚರ್."

"ಯಾರು ನೋಡಿದ್ದು? ಇವತ್ತು ಸೋಮವಾರ, ನಿಂಗೆ ಉಪವಾಸ ಅಲ್ವಾ?"

ಅಕ್ಕ ಒಮ್ಮೆ ಬಾವಿಕಟ್ಟೆಯ ಕಡೆ ನೋಡಿದಳು. ಆಮೇಲೆ, "ನಾನೇ ನೋಡಿದ್ದು. ಉಪವಾಸ ಮುರಿದೆ. ನನಗೆ ಕಹಿ ಗೊತ್ತಾಗಲಿಲ್ಲ," ಎಂದಳು.

ಬೆಳಗಿನಿಂದ ನೀರೂ ಕುಡಿಯದ ಅವಳ ತುಟಿ ಒಣಗಿ ಬಿಳಿಯಾಗಿತ್ತು. ನಾನು ಬುಟ್ಟಿ ತೊಳೆಯುತ್ತಲೇ ಇದ್ದೆ. ಅಷ್ಟು ಹೊತ್ತಿಗೆ ಅದು ಚೊಕ್ಕವಾಗಿತ್ತು. ಆದರೂ ತೊಳೆದೆ.

ಮಕ್ಕಳು ಆ ದಿನ ಉಪ್ಪು ಹಾಕಿ ಬರೀ ಗಂಜಿ ಕುಡಿದರು. ಪದಾರ್ಥವನ್ನು ನಾವಿಬ್ಬರೂ ಹಿತ್ತಲಿನ ಹೊಂಡಕ್ಕೆ ಚೆಲ್ಲಿದೆವು. ಮರುದಿನ ವಾಂತಿ ಮಾಡಿದ ಹುಡುಗಿಯ ತಂದೆ ಮ್ಯಾನೇಜರರ ಬಳಿಗೆ ಹೋದರು. ಆ ವಾರದಲ್ಲೇ ಮೂಟೆಗಳನ್ನು ಬಿಚ್ಚಿದರು, ಅಡುಗೆಯವಳು ಬೇಡವಾದಳು. ದೊಡ್ಡ ಟೀಚರ್ ಅಕ್ಕನ ಕೈ ಒಮ್ಮೆ ಹಿಡಿದು ಒಳಗೆ ಹೋದರು.

ಆದರೆ ಆ ಸೋಮವಾರ ಸಂಜೆಯ ಮಾತು ಹೇಳಬೇಕು. ಮನೆಗೆ ಹಿಂತಿರುಗುವ ದಾರಿಯಲ್ಲಿ ಅಕ್ಕ ಮೆಲ್ಲಗೆ ಕೇಳಿದಳು:

"ನೀನು ತಿಂದು ನೋಡಿದ್ದಿ ಅಲ್ವಾ ಮಗಾ?"

"ನೋಡಿದ್ದೆ."

"ಎಲ್ಲ?"

"ಎಲ್ಲ."

ಕುಂಟಿಕಾನ ದಾಟಿದೆವು. ಮತ್ತೆ, "ಹಾಗಾದರೆ ತುದಿ ಸಿಹಿ, ಒಳಗೆ ಕಹಿ. ಬೀಜವೇ ಕೆಟ್ಟಿರಬೇಕು," ಎಂದಳು. ಅವಳ ಸ್ವರದಲ್ಲಿ ಒಂದು ಬಗೆಯ ನೆಮ್ಮದಿಯೇ ಇತ್ತು. ನನ್ನ ಮೇಲೆ ಸಂಶಯಪಡುವುದು ತಪ್ಪಿತಲ್ಲ ಎಂಬ ನೆಮ್ಮದಿ.

ಮುಂದಿನ ವರ್ಷದ ಬೀಜ ನಮ್ಮ ಅಡುಗೆಕೋಣೆಯ ಗೋಡೆಯಲ್ಲಿತ್ತು. ಬೂದಿಯಲ್ಲಿ ಕಲಸಿ, ರೊಟ್ಟಿ ತಟ್ಟಿದ ಹಾಗೆ ಅಂಟಿಸಿ ಇಡುವುದು ಕ್ರಮ. ಅಜ್ಜಿ ಮದುವೆಯಾಗಿ ಬರುವಾಗ ತಂದ ಬೀಜದ ತಳಿ ಅದು. ಅಕ್ಕ ಕತ್ತಿಯಿಂದ ಅದನ್ನೆಲ್ಲ ಕೆರೆದು ತೆಗೆದಳು.

"ಅದು ನನ್ನ ಅಮ್ಮನ ಬೀಜ," ಎಂದರು ಅಪ್ಪ.

"ಮಕ್ಕಳು ತಿನ್ನುವಂಥದ್ದು ಅಪ್ಪಾ," ಎಂದಳು ಅಕ್ಕ.

ಬೀಜವನ್ನು ಬಚ್ಚಲ ಒಲೆಗೆ ಹಾಕಿದಳು. ನಮ್ಮಿಂದ ಬೀಜ ಕೊಂಡುಹೋಗಿದ್ದ ಎರಡು ಮನೆಗಳಿಗೂ ಹೋಗಿ ಬಿತ್ತಬೇಡಿ ಎಂದು ಹೇಳಿ ಬಂದಳು. ನಾನು ಒಂದು ಮಾತು ಹೇಳಿದ್ದರೆ ಆಗ ಎಲ್ಲವೂ ನಿಲ್ಲುತ್ತಿತ್ತು. ನಾನು ಆ ಒಲೆಯ ಬಿಸಿನೀರಿನಲ್ಲಿ ಮಿಂದೆ, ಉಂಡೆ, ಮಲಗಿದೆ. ಮರುವರ್ಷ ಪೇಟೆಯ ಬೀಜ ಹಾಕಿದೆವು. ಆ ಕಾಯಿಗಳು ನೋಡಲು ಚಂದ, ಪಕ್ಕಾಸಿಗೆ ಕಟ್ಟಿದರೆ ಸೋಣಕ್ಕೆ ಮೊದಲು ಆಟಿಯ ಮಳೆಯಲ್ಲೇ ಕೊಳೆತು ಒಂದೊಂದಾಗಿ ಕೆಳಗೆ ಬೀಳುತ್ತಿದ್ದವು.

ಅಕ್ಕ ಆಮೇಲೆ ಬೀಡಿ ಕಟ್ಟಿದಳು, ಬೆನ್ನು ಬಾಗುವವರೆಗೂ. ಊಟಕ್ಕೆ ಮತ್ತೆ ಮೂಲೆಗೆ ಹೋದಳು. ಅವಳ ಮಣೆ ಗೋಡೆಗೆ ಒರಗಿಕೊಂಡೇ ಇತ್ತು. ಸೋಮವಾರದ ಉಪವಾಸವನ್ನು ಬಿಟ್ಟಳು. ಸುಳ್ಳಿಗಾದರೂ ಬಾಯಲ್ಲಿ ಮುರಿದೆ ಎಂದ ಮೇಲೆ ಹರಕೆ ಸಲ್ಲುವುದಿಲ್ಲ ಎಂದು ಅಮ್ಮನಿಗೆ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ.

ಕೆಲವು ವರ್ಷಗಳ ನಂತರ ತಮ್ಮನ ಹೆಂಡತಿ ಮನೆಗೆ ಬಂದಳು. ಮೊದಲ ಸಲ ಸೌತೆಕಾಯಿ ಹೆಚ್ಚಲು ಕೂತಾಗ ಅಕ್ಕ ಬೀಡಿಯ ಮೊರವನ್ನು ಬದಿಗಿಟ್ಟು ಎದ್ದು ಬಂದಳು. "ತುದಿ ಮಾತ್ರ ನೋಡಿದರೆ ಸಾಲದು. ನಡುವಿನಿಂದಲೂ ಒಂದು ಚೂರು ತಿಂದು ನೋಡು. ಕೆಲವು ಕಾಯಿ ಮೋಸ ಮಾಡ್ತವೆ. ನಮಗೆ ಒಮ್ಮೆ ಹಾಗೆ ಆಗಿದೆ, ಬೇಕಾದರೆ ಇವಳ ಹತ್ತಿರ ಕೇಳು," ಎಂದಳು.

ಆ ಹುಡುಗಿ ನನ್ನ ಮುಖ ನೋಡಿದಳು.

"ಹೌದು," ಎಂದೆ.

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಕಡೆಯಿಂದ ತಿಂದು ನೋಡಿಯೇ ಹೆಚ್ಚುವುದು. ಅಕ್ಕ ಈಗ ಇಲ್ಲ. ತಮ್ಮನ ಮಕ್ಕಳ ಮನೆಯಲ್ಲೂ ಅದೇ ಕ್ರಮ ನಡೆಯುತ್ತಿದೆ. ಯಾಕೆಂದು ಕೇಳಿದರೆ ದೊಡ್ಡತ್ತೆ ಹೇಳಿಕೊಟ್ಟದ್ದು ಅನ್ನುತ್ತಾರೆ. ನಾನೂ ಎರಡು ಕಡೆಯಿಂದ ತಿನ್ನುತ್ತೇನೆ.