ಅಕ್ಕನ ಬಾಗಿಲಿಗೆ ತಂಗಿ ಮಾಡಿದ ಗಾಡಿ

ತೂಕದ ಯಂತ್ರಗಳ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುವ ಈ ತಂಗಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಹಗಲೆಲ್ಲ ಬೆಸುಗೆ ಕಡ್ಡಿ ಹಿಡಿದದ್ದು ಸಾಲದೆಂದು ಮನೆಗೆ ಬಂದು ಮತ್ತೆ ಅದನ್ನೇ ಹಿಡಿಯುತ್ತಿದ್ದಳು. ಕೆಟ್ಟ ಆಟಿಕೆ, ಹಳೆಯ ಟೇಪ್ ರೆಕಾರ್ಡರ್, ಯಾರೋ ಎಸೆದ ಪ್ರಿಂಟರ್, ಏನು ಸಿಕ್ಕರೂ ಹೊಟ್ಟೆ ಬಗೆದು ಮೋಟಾರು ಕಿತ್ತಿಟ್ಟುಕೊಳ್ಳುವುದು ಅವಳ ಚಾಳಿ. ಬೀದಿಯವರು ಮೋಟಾರಮ್ಮ ಎಂದು ಆಡಿಕೊಳ್ಳುತ್ತಿದ್ದರು. ಅವಳು ಅದನ್ನು ಬಿರುದೆಂದೇ ತಿಳಿದಿದ್ದಳು.

ಗೋಡೆಗೆ ಗೋಡೆ ತಾಗಿದ ಪಕ್ಕದ ಮನೆಯಲ್ಲಿ ಅವಳ ಅಕ್ಕ ಒಬ್ಬಳೇ ಇದ್ದಳು. ಹೊಲಿಗೆಯೇ ಅವಳ ಬದುಕು. ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಬಂದು ಈಗ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುವುದನ್ನೇನೋ ಕಲಿತಿದ್ದಳು, ಆದರೆ ಬಾಗಿಲು ತಟ್ಟುವ ಸದ್ದಿಗೆ ತುಟಿ ಎಲ್ಲಿದೆ? ಬಾಗಿಲು ತೆರೆದಿಡೋಣವೆಂದರೆ ಬೆನ್ನ ಹಿಂದೆ ಯಾರು ಬಂದರೂ ಗೊತ್ತಾಗದೆಂಬ ಭಯ. ಅವಳು ಹಿಂದಿನ ಕೋಣೆಯಲ್ಲಿ ಹೊಲಿಯುತ್ತಾ ಕೂತರೆ ಬಟ್ಟೆ ತಂದವರು ತಟ್ಟಿ ತಟ್ಟಿ ಸಾಕಾಗಿ ಬೇರೆ ದರ್ಜಿಯ ಹತ್ತಿರ ಹೋಗಿಬಿಡುತ್ತಿದ್ದರು. ಹೀಗೇ ಆದರೆ ಅಕ್ಕ ಯಂತ್ರ ಮುಚ್ಚಿಟ್ಟು ತಂಗಿಯ ಮನೆಯ ಮೂಲೆ ಸೇರಬೇಕಾದೀತು, ಅದು ತಂಗಿಗೂ ಗೊತ್ತಿತ್ತು. ಅಕ್ಕನಂಥ ಸ್ವಾಭಿಮಾನಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ.

ಅದಕ್ಕೇ ಹುಟ್ಟಿತು ಗಾಡಿ. ಸೋಪಿನ ಡಬ್ಬವೇ ಅದರ ಮೈ, ಆಟಿಕೆ ಕಾರಿನ ಚಕ್ರಗಳು, ತಲೆಯ ಮೇಲೊಂದು ಕೆಂಪು ದೀಪ, ಒಳಗೊಂದು ಪುಟ್ಟ ಮೈಕು. ಬಾಗಿಲ ಬಳಿ ಕಾದು ನಿಂತಿರುತ್ತದೆ. ತಟ್ಟಿದ ಸದ್ದು ಮೈಕಿಗೆ ಬಿದ್ದ ಕೂಡಲೇ ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿ ಹಿಡಿದು ಹೊರಟು, ಹೊಲಿಗೆ ಯಂತ್ರದ ಕೆಳಗೆ ಅಕ್ಕನ ಪಾದಕ್ಕೆ ತಾಗಿ ನಿಲ್ಲುತ್ತದೆ. ತಂಗಿಯ ಮನೆಯಲ್ಲಿ ಎಷ್ಟು ಸಲ ತಟ್ಟಿ ನೋಡಿದರೂ ಅದು ಚಾಚೂ ತಪ್ಪಲಿಲ್ಲ.

ಅಕ್ಕನ ಮನೆಗೆ ಹೋದದ್ದೇ ತಡ, ಗಾಡಿಗೆ ಹುಚ್ಚು ಹಿಡಿಯಿತು. ಯಾರೂ ತಟ್ಟದಿದ್ದರೂ ಓಡಿಬರುವುದು, ಅಕ್ಕ ಎದ್ದು ಹೋಗಿ ಬಾಗಿಲು ತೆಗೆದರೆ ಖಾಲಿ ಬೀದಿ. ಸಂಜೆಯ ಹೊತ್ತಿಗೆ ಅವಳ ಮಂಡಿ ಹಿಡಿದುಕೊಂಡಿತ್ತು. ಮೈಕಿಗೆ ಕಡಿಮೆ ಕೇಳಲೆಂದು ತಂಗಿ ಅದರ ತಿರುಪು ಇಳಿಸಿದಳು, ಆಗ ನಿಜವಾಗಿ ತಟ್ಟಿದರೂ ಗಾಡಿ ಮಿಸುಕಲಿಲ್ಲ. ಏರಿಸಿದರೆ ಮತ್ತೆ ಓಟ. ಬೋರ್ಡು ಬದಲಿಸಿದಳು, ಪ್ರೋಗ್ರಾಂ ಅಳಿಸಿ ಹೊಸದಾಗಿ ಬರೆದಳು, ಬೆರಳು ಸುಟ್ಟುಕೊಂಡಳು, ಊಟಕ್ಕೆ ಕರೆಯಲು ಬಂದ ಗಂಡನ ಮೇಲೆ ಹರಿಹಾಯ್ದಳು. ಆ ಪಾಪದ ಮನುಷ್ಯ ತಾನೇ ಬಡಿಸಿಕೊಂಡು ಉಂಡು ಮಲಗಿದ.

ಕಾರಣ ಎಲ್ಲರ ಕಿವಿಯಲ್ಲೇ ಇತ್ತು. ಕಿವಿ ಹೋದ ಮೇಲೆ ಅಕ್ಕನ ಕೈ ಭಾರವಾಗಿತ್ತು. ಕತ್ತರಿಯನ್ನು ಮೇಜಿಗೆ ಕುಕ್ಕುವಳು, ಇಸ್ತ್ರಿ ಪೆಟ್ಟಿಗೆಯನ್ನು ದಡಕ್ಕನೆ ಇಡುವಳು, ಮಾತಾಡಿದರೆ ಬೀದಿಯ ಕೊನೆಗೆ ಕೇಳುವುದು. ಅವಳಿಗೆ ನೋವಾಗಬಾರದೆಂದು ತಂಗಿಯ ಮನೆಯವರೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಯಾರೂ ಕೂತು ತೀರ್ಮಾನಿಸಿದ್ದಲ್ಲ, ಹಾಗೇ ನಡೆದುಬಂದಿತ್ತು. ಕೇಳಿಸದವರಂತೆ ಇದ್ದು ಇದ್ದು ತಂಗಿಗೆ ಆ ಸದ್ದು ನಿಜವಾಗಿಯೂ ಕೇಳಿಸುವುದು ನಿಂತುಹೋಗಿತ್ತು. ಮೈಕಿಗೆ ಅಂಥ ಮುಲಾಜು ಇರಲಿಲ್ಲ.

ಒಂದು ಸಂಜೆ ತಂಗಿ ಬಾಗಿಲ ಬಳಿ ಮಲಗಿಕೊಂಡು ತಿರುಪು ತಿರುಗಿಸುತ್ತಿದ್ದಾಗ ಒಳಗೆ ಕತ್ತರಿ ಕುಕ್ಕಿದ ಸದ್ದಾಯಿತು. ಗಾಡಿ ಅವಳ ಬೆರಳಿನ ಮೇಲೆಯೇ ಹತ್ತಿ ಓಡಿತು. ಆ ಸದ್ದಿಗೇ ಗಾಡಿ ಓಡುತ್ತಿದೆ ಎಂದು ಹೊಳೆದದ್ದೇ ತಂಗಿಗೆ ಪಿತ್ತ ನೆತ್ತಿಗೇರಿತು. ಎದ್ದು ಹೋಗಿ ಅಕ್ಕನ ಎದುರು ನಿಂತಳು.

"ಕತ್ತರೀನ ಸ್ವಲ್ಪ ಮೆಲ್ಲಗೆ ಇಡೋಕಾಗಲ್ವಾ ನಿಂಗೆ? ನೀನು ಮಾಡೋ ಸದ್ದು ಬೀದಿಗೆಲ್ಲ ಕೇಳುತ್ತೆ."

ತಕ್ಷಣ ನಾಲಿಗೆ ಕಚ್ಚಿಕೊಂಡಳು. ಆದರೆ ಅಕ್ಕನ ಕಣ್ಣು ಅವಳ ತುಟಿಯ ಮೇಲೇ ಇತ್ತು.

"ಯಾವಾಗಿಂದ?" ಎಂದಳು ಅಕ್ಕ. "ನಾನು ಮಾತಾಡೋದೂನಾ?"

ತಂಗಿ ತಲೆ ತಗ್ಗಿಸಿದಳು. ಅಕ್ಕ ಮತ್ತೆ ಹೊಲಿಗೆಗೆ ಕೂತಳು.

ಮರುದಿನ ಅಕ್ಕನ ಮೇಜಿನ ಮೇಲೆ ದಪ್ಪ ಕಂಬಳಿ ಬಿತ್ತು. ಕತ್ತರಿಯನ್ನು ಎರಡು ಕೈಯಲ್ಲಿ ಹಿಡಿದು, ಮಗುವನ್ನು ಮಲಗಿಸುವ ಹಾಗೆ ಇಡತೊಡಗಿದಳು. ಗಾಡಿ ಈಗ ಬಾಗಿಲು ತಟ್ಟಿದಾಗ ಮಾತ್ರ ಹೊರಡುತ್ತಿತ್ತು. ಹೋದ ಗಿರಾಕಿಗಳು ಮರಳಿ ಬಂದರು, ಬೀದಿಯವರು ಮೋಟಾರಮ್ಮನನ್ನು ಹೊಗಳಿದರು. ಅವಳಿಗೆ ಮಾತ್ರ ಮೈಯೆಲ್ಲ ಉರಿ. ತನ್ನ ಯಂತ್ರದ ತಪ್ಪನ್ನು ಅಕ್ಕ ತನ್ನ ಮೈಯಲ್ಲಿ ತಿದ್ದಿಕೊಂಡಿದ್ದಳು.

ಆ ಭಾನುವಾರ ತಂಗಿ ಗಾಡಿಯ ಮೈಕು ಕಿತ್ತೆಸೆದು ಬಾಗಿಲ ಹಲಗೆಗೇ ಒಂದು ಬಿಲ್ಲೆ ಅಂಟಿಸಿದಳು. ಹಲಗೆ ಅದುರಿದರೆ ಮಾತ್ರ ಅದು ಗಾಡಿಗೆ ಸುದ್ದಿ ಮುಟ್ಟಿಸುತ್ತದೆ. ಮೊದಲೇ ಹೊಳೆಯಬೇಕಿದ್ದ ಉಪಾಯ ಇಷ್ಟು ತಡವಾಗಿ ಹೊಳೆಯಿತಲ್ಲ ಎಂದು ತನ್ನನ್ನೇ ಶಪಿಸಿಕೊಂಡಳು. ಕಂಬಳಿಯನ್ನು ಎಳೆದುಹಾಕಿ, ಕತ್ತರಿಯನ್ನು ಮೇಜಿಗೆ ಬಲವಾಗಿ ಕುಕ್ಕಿ ತೋರಿಸಿದಳು. ಗಾಡಿ ಅಲ್ಲಾಡಲಿಲ್ಲ.

"ನೋಡು, ಇನ್ಮೇಲೆ ನಿಂಗೆ ಎಷ್ಟು ಬೇಕೋ ಅಷ್ಟು ಸದ್ದು ಮಾಡು," ಎಂದಳು.

ಅಕ್ಕ ನಕ್ಕಳು. ಕಂಬಳಿಯನ್ನು ಎತ್ತಿ ಕೊಡವಿ ಮತ್ತೆ ಮೇಜಿಗೆ ಹಾಸಿದಳು. ಆಮೇಲೆ ಏನೋ ಹೇಳಿದಳು. ತಂಗಿಗೆ ಕೇಳಿಸಲಿಲ್ಲ, ಹುಬ್ಬು ಗಂಟಿಕ್ಕಿ ಹತ್ತಿರ ಬಗ್ಗಿದಳು. ಮತ್ತೆ ಜೋರಾಯಿತೇನೋ ಎಂದು ಅಕ್ಕ ಗಾಬರಿಯಾಗಿ ದನಿಯನ್ನು ಇನ್ನಷ್ಟು ಇಳಿಸಿ ಅದನ್ನೇ ಹೇಳಿದಳು. ಈ ಸಲ ತಂಗಿ ಅವಳ ತುಟಿ ನೋಡಿ ತಿಳಿದುಕೊಂಡಳು.

"ಈಗ ಸರಿಯಾಗಿದೆಯಾ ನನ್ನ ದನಿ?"